ಹೋಲಿಕೆ

ತಕ್ವಾರೆಂಬೊ ಪಟ್ಟಣದಾಚೆ, ಆಗಸ್ಟಿನ ಚಳಿ.
ತಗಡಿನ ಕೊಟ್ಟಿಗೆಯಲ್ಲಿ ಒಂದೇ ಬಲ್ಬು,
ಅದರ ಕೆಳಗೆ ನಾನೂರ ಹದಿನೇಳು:
ಕಿವಿಯಲ್ಲಿ ಹಳದಿ ಬಿಲ್ಲೆ,
ಪಕ್ಕೆಯ ಉಣ್ಣೆ ಬೋಳಿಸಿದ ಕಡೆಯಿಂದ
ಹೊರಬಂದ ಒಂದು ತೆಳು ತಂತಿ,
ನೂರಿಪ್ಪತ್ತೈದು ದಿನದ ಬಸಿರು.

ತಂತಿಯ ಒಳತುದಿ
ಗರ್ಭಕ್ಕೆ ಹೋಗುವ ನಾಳದ ಸುತ್ತ
ಬಸುರಿಗೆ ತೊಡಿಸಿದ ಬಳೆಯಂತೆ ಕೂತಿದೆ.
ಹೊರತುದಿ ಒಂದು ಪೆಟ್ಟಿಗೆಯಲ್ಲಿ ಅಂಕಿಯಾಗುತ್ತದೆ.
ಜುಲ್ಮಾ ಎಚೆವೆರಿ ಐದು ನಿಮಿಷಕ್ಕೊಮ್ಮೆ
ಅಂಕಿಯನ್ನು ಪುಸ್ತಕಕ್ಕೆ ಇಳಿಸುತ್ತಾಳೆ:
ನಿಮಿಷಕ್ಕೆ ಇಷ್ಟು ಮಿಲಿಲೀಟರ್ ನೆತ್ತರು,
ಒಳಗಿರುವ ಮರಿಯ ಕಡೆಗೆ.

ಕುರಿಯ ಮಾಸು ಒಂದೇ ತಟ್ಟೆಯಲ್ಲ.
ಎಂಬತ್ತು ತೊಂಬತ್ತು ಗುಂಡಿ,
ತಾಯಿಯ ಅಂಗಿಯನ್ನು ಮರಿಯ ಅಂಗಿಗೆ
ಕಾಜಾ ಹುಡುಕಿ ಹುಡುಕಿ ಹಾಕಿದ ಹಾಗೆ.
ಅಲ್ಲಿ ನೆತ್ತರು ನೆತ್ತರನ್ನು ಮುಟ್ಟುವುದಿಲ್ಲ;
ಬೇಲಿಯ ಮೇಲಿಂದ ಹೆಪ್ಪು ಕೊಟ್ಟಂತೆ ಕೊಡುತ್ತದೆ,
ಲೋಟ ಖಾಲಿಯಾಗಿ ವಾಪಸು ಬರುತ್ತದೆ.

ಸೀಸೆಗಳ ಮೇಲೆ ಹೆಸರಿಲ್ಲ.
ಒಂದಕ್ಕೆ ಕೆಂಪು ಗುರುತು, ಒಂದಕ್ಕೆ ನೀಲಿ.
ಒಂದರಲ್ಲಿ ಬರೀ ಉಪ್ಪುನೀರು,
ಇನ್ನೊಂದರಲ್ಲಿ ಕ್ಲೋವರ್ ಸೊಪ್ಪಿನ ಸಾರ.
ಹಾರ್ಮೋನಲ್ಲ,
ಹಾರ್ಮೋನಿನ ಹಾಗೆ ಇರುವುದು.
ಯಾವುದರಲ್ಲಿ ಯಾವುದೆಂದು
ಮೊಂಟೆವಿಡಿಯೊದ ಒಂದು ಲಕೋಟೆಗೆ ಮಾತ್ರ ಗೊತ್ತು.
ಹನ್ನೊಂದೂಕಾಲಿಗೆ ಅವಳು ಕೆಂಪನ್ನು ಚುಚ್ಚಿದಳು.

ಅರ್ಧ ಗಂಟೆ ಏನೂ ಇಲ್ಲ.
ಕುರಿ ಮೆಲುಕು ಹಾಕಿತು.
ಕುರಿ ಕಾಯುವ ಎವುಸ್ತಾಕಿಯೊ
ಸೋರೆಬುರುಡೆಗೆ ಬಿಸಿನೀರು ಹೊಯ್ದು ಅವಳತ್ತ ಚಾಚಿದ.
ಮಾತೆ ಅನ್ನುತ್ತಾರೆ ಅಲ್ಲಿ ಆ ಕಹಿ ಕಷಾಯಕ್ಕೆ.
ತಾಯಿಯಲ್ಲ.
ಪದವೊಂದು ಬಂದು ಅದೇ ಕದ ತಟ್ಟುತ್ತದೆ, ಅಷ್ಟೆ.
ನಮ್ಮ ಕಿವಿ ಎದ್ದು ಹೋಗಿ ತೆರೆಯುತ್ತದೆ.

ಆಮೇಲೆ ಅಂಕಿ ಏರತೊಡಗಿತು.
ನಾನೂರ ಎಂಬತ್ತು. ಐನೂರ ಹತ್ತು. ಆರುನೂರರ ಹತ್ತಿರ.
ಬೀಗಕ್ಕೆಂದು ಮಾಡದ ಕೀಲಿ ಬೀಗದಲ್ಲಿ ತಿರುಗಿದೆ,
ನಾಳದ ಗೋಡೆ ಬಿಗಿಮುಷ್ಟಿ ಬಿಚ್ಚಿದೆ,
ಬೆಟ್ಟದ ನೀರು ಬಿಟ್ಟ ಹಾಗೆ ನೆತ್ತರು.

‘ಒಳ್ಳೇದೇ ಅಲ್ಲವೇನು, ಮರಿಗೆ?’
‘ಇವತ್ತು ರಾತ್ರಿಗೆ, ಹೌದು.’
ಅವನು ಬುರುಡೆಯೊಳಗೆ ನೋಡುತ್ತ ಹೇಳಿದ:
ಹೊಳೆಯಾಚೆ ಇದೇ ಸೊಪ್ಪಿನ ಬಯಲಲ್ಲಿ
ಮೂರು ವರ್ಷ ಮೇಯ್ದ ಕುರಿಗಳು
ಮೈ ಕೈ ತುಂಬಿಕೊಂಡವು, ಗಬ್ಬ ಮಾತ್ರ ನಿಲ್ಲಲಿಲ್ಲ.
ನಾನು ಹೇಳಿದಾಗ ಯಾರೂ ಬರೆದುಕೊಳ್ಳಲಿಲ್ಲ.
ಅವಳು ಬರೆದುಕೊಂಡಳು,
ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಅವಳ ಅವ್ವನಿಗೂ ಪಾಯ್ಸಂಡುವಿನ ಡಾಕ್ಟರು
ಬಸಿರು ನಿಲ್ಲಲೆಂದು ಒಂದು ಮಾತ್ರೆ ಕೊಟ್ಟಿದ್ದರು.
ಸಣ್ಣದು, ಬಿಳಿಯದು,
ಹಾರ್ಮೋನಿನ ಹಾಗೆ ಇರುವುದು.
ಬಸಿರು ನಿಂತಿತು. ಅದೇ ಇವಳು.
ಇವಳಲ್ಲಿ ಯಾವುದೂ ನಿಲ್ಲಲಿಲ್ಲ, ಮೂರು ಸಲ.
ಆ ಲಕೋಟೆ ತೆರೆಯಲು ಮೂವತ್ತು ವರ್ಷ ಹಿಡಿಯಿತು.
ದೂರಲು ಬಾಯಿ ಬರುವುದಿಲ್ಲ ಅವಳಿಗೆ:
ನಿದ್ದೆಗೆಟ್ಟು ದಿನ ಎಣಿಸುತ್ತಿದ್ದ ಹೆಂಗಸು
ನೀರಿನ ಲೋಟ ಎತ್ತಿ ನುಂಗಿದಳು.
ಎಂಥ ಆಸೆಯಿಂದ ನುಂಗಿದ್ದಾಳು.

ಮೂರಕ್ಕೆ ಅಂಕಿ ಇಳಿಯತೊಡಗಿತು,
ಐನೂರ ನಲವತ್ತು, ಐನೂರು,
ಕೊಟ್ಟಿಗೆ ಮೊದಲಿನಂತೆಯೇ.
ಮಾಸು ಎಂದರೆ ಮರಿಯ ಬೆನ್ನಿಗೆ ಬರುವುದು;
ಬಟ್ಟೆ ಬಣ್ಣ ಬಿಡುವುದೂ ಮಾಸುವುದೇ.
ಯಾವ ಕಲೆ ಒಗೆದರೆ ಹೋಗುತ್ತದೆ,
ಯಾವುದು ಒಳಗಿನ ಮಗುವಿನ ಒಳಕ್ಕೂ ಇಳಿಯುತ್ತದೆ,
ಪೆಟ್ಟಿಗೆ ಅದನ್ನು ತೋರಿಸುವುದಿಲ್ಲ.

ಎವುಸ್ತಾಕಿಯೊನ ಬೂಟಿನ ಕೆಸರಿಗೆ
ಮೂರೆಲೆಯ ಒಂದು ಕಡ್ಡಿ ಅಂಟಿತ್ತು.
ನಾನೂರ ಹದಿನೇಳು ಕತ್ತು ಚಾಚಿ
ಮೂಸಿ, ತುಟಿಯಲ್ಲೇ ಕಿತ್ತುಕೊಂಡು ತಿಂದಿತು.
ಬಸುರಿಯ ಬಯಕೆ.
ಅವನು ಕಾಲು ಹಿಂದಕ್ಕೆ ತೆಗೆಯಲಿಲ್ಲ.
ಜುಲ್ಮಾ ಗಡಿಯಾರ ನೋಡಿದಳು. ಬರೆದಳು:
ಮೂರು ನಲವತ್ತು. ಕ್ಲೋವರ್, ಒಂದು ಕಡ್ಡಿ.
ಪೆನ್ನಿನಲ್ಲಿ.