ಅಡುಗೆಮನೆಯವರೆಗೆ

ಮೊದಲ ಕಂತು ಕಟ್ಟಿದ ದಿನ
ಬ್ಯಾಂಕಿನ ಹುಡುಗ ಚೀಟಿ ಮಡಚದೆ ಕೊಟ್ಟ:
ಇಪ್ಪತ್ತೊಂದು ಸಾವಿರದ ಐನೂರ ತೊಂಬತ್ತಮೂರು.
ಅದರಲ್ಲಿ ಬಡ್ಡಿ ಹದಿನೆಂಟು ಸಾವಿರ.
ಉಳಿದದ್ದು ಅಸಲಿಗೆ.

ಅಸಲಿಗೆ ಅದು ಎಷ್ಟು ಅಂತ
ಆ ರಾತ್ರಿ ಡ್ಯೂಟಿಯಲ್ಲಿ ಲೆಕ್ಕ ಹಾಕಿದೆ,
ಡ್ರಿಪ್ಪಿನ ಹನಿ ಎಣಿಸುತ್ತಾ,
ಟೆಂಪರೇಚರ್ ಚಾರ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ:
ಇಪ್ಪತ್ತನಾಲ್ಕು ಲಕ್ಷಕ್ಕೆ ಎಂಟುನೂರು ಚದರಡಿ,
ಅಡಿಗೆ ಮೂರು ಸಾವಿರ.
ಅಂದರೆ ಈ ತಿಂಗಳು, ನಿಟ್ಟುವಳ್ಳಿಯ ನನ್ನ ಮಹಡಿಯಲ್ಲಿ
ನನ್ನದಾದದ್ದು ಒಂದಡಿ, ಮೇಲೊಂದಿಷ್ಟು.
ಎರಡು ಪಾದ ಜೋಡಿಸಿ ನಿಲ್ಲಬಹುದು.
ಕೂರಲಾಗದು.

ಮುಂದಿನ ಪೋರ್ಷನ್ನಿಗೆ ಒಂಬತ್ತೂವರೆ ಸಾವಿರ, ಹಿಂದಿನದಕ್ಕೆ ಒಂಬತ್ತು.
ಹೊನ್ನೂರಪ್ಪನ ಬಾಡಿಗೆ, ಆ ಇಬ್ಬರು ಡಾಕ್ಟರ್ ಹುಡುಗಿಯರ ಬಾಡಿಗೆ
ಐದನೇ ತಾರೀಕು ಬಂದು
ಆರನೇ ತಾರೀಕು ಹೋಗುತ್ತದೆ.
ನನ್ನ ಖಾತೆಯಲ್ಲಿ ಒಂದು ರಾತ್ರಿ ಮಲಗುತ್ತದೆ ಅಷ್ಟೆ,
ಬಸ್ ಸ್ಟ್ಯಾಂಡಿನೆದುರು ಲಾಡ್ಜಿಗಿಳಿದವರ ಹಾಗೆ.
ಬಡ್ಡಿಯ ಬಾಯಿಗೆ ಅದು ಸಾಕು, ಮೇಲೆ ಐನೂರು.
ಕೊರತೆ ಮೂರು ಸಾವಿರದ ತೊಂಬತ್ತಮೂರು
ನನ್ನ ಸಂಬಳದ್ದು.
ಬಾಡಿಗೆಯವರು ಬಡ್ಡಿ ಕಟ್ಟುತ್ತಾರೆ;
ನೆಲವನ್ನು ನನ್ನ ನಿದ್ದೆ ಕೊಳ್ಳುತ್ತದೆ.

ಹುಡುಗಿಯರ ಕೋರ್ಸು ಮುಗಿದ ವರ್ಷ
ಹಿಂದಿನ ಪೋರ್ಷನ್ನು ಖಾಲಿ ಬಿತ್ತು, ಅದೂ ಆಷಾಢಕ್ಕೆ ಸರಿಯಾಗಿ.
ಆಷಾಢದಲ್ಲಿ ಯಾರೂ ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ.
ಬ್ಯಾಂಕಿಗೆ ಆಷಾಢವಿಲ್ಲ.
ಮರುವರ್ಷದ ಬೇಸಿಗೆಗೆ ಗೋಡೆ ಬಿರಿಯಿತು
ಕಿಟಕಿಯ ಮೂಲೆಯಿಂದ ಓರೆಯಾಗಿ, ಬೆರಳು ಹೋಗುವಷ್ಟು.
"ಕೆಳಗೆ ಎರೆಮಣ್ಣು ಸಿಸ್ಟರ್, ಉಸಿರಾಡ್ತತಿ"
ಎಂದ ಗಾರೆಯ ಘುಡುಸಾಬ್.
ಆ ಉಸಿರಿಗೆ ಹದಿನಾಲ್ಕು ಸಾವಿರ ತಗೊಂಡ.

ಭಾವ ಪಾಲಾಕ್ಷಪ್ಪ, ಎಪಿಎಂಸಿಯ ಮೆಕ್ಕೆಜೋಳದ ದಲಾಲಿ,
ಮಿರ್ಚಿಯ ತೊಟ್ಟುಗಳನ್ನು ತಟ್ಟೆಯಂಚಿಗೆ ಜೋಡಿಸುತ್ತಾ ಕೇಳಿದ:
"ರಿಟರ್ನ್ ಎಷ್ಟು ಬೀಳ್ತತಿ? ನೂರಕ್ಕೆ ಎಷ್ಟು?
ಸುಮ್ನೆ ಎಫ್‌ಡಿ ಇಟ್ಟಿದ್ರೆ ಗೋಡೆನೂ ಬಿರೀತಿರಲಿಲ್ಲ."
ಬ್ರೋಕರ್ ಹೇಳಿದ್ದನ್ನು ಹೇಳಿದೆ,
ಐವತ್ತು ಲಕ್ಷಕ್ಕೆ ಕಣ್ಣು ಮುಚ್ಚಿ ಹೋಗ್ತದಂತೆ.
ಇರಬಹುದು.
ಆದರೆ ಗ್ಯಾಸ್ ಮುಗಿದ ದಿನ
ಒಂದು ಕಿಟಕಿಯನ್ನಷ್ಟೇ ಕಿತ್ತು ಮಾರಲಾಗದು.
ಭಾವ ನಕ್ಕ. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹೋದ ಸೋಮವಾರಕ್ಕೆ ಐದು ವರ್ಷ.
ಕಟ್ಟಿದ್ದು ಹದಿಮೂರು ಲಕ್ಷಕ್ಕೆ ನಾಲ್ಕು ಸಾವಿರ ಚಿಲ್ಲರೆ ಕಮ್ಮಿ.
ಅಸಲು ಇಳಿದದ್ದು ಎರಡು ಲಕ್ಷದ ಎಪ್ಪತ್ತೊಂದು ಸಾವಿರ.
ಭಾಗಿಸಿದೆ. ತೊಂಬತ್ತು ಅಡಿ.
ಒಂಬತ್ತು ಹತ್ಲಿ ತೊಂಬತ್ತು:
ಹೊನ್ನೂರಪ್ಪನ ಅಡುಗೆಮನೆಯ ಅಳತೆ.

ಮೀಟರ್ ನೋಡುವ ನೆಪದಲ್ಲಿ ಮೇಲೆ ಹೋದೆ.
ಅವನ ಹೆಂಡತಿ ಓಬಮ್ಮ ಮಂಡಕ್ಕಿ ತೋಯಿಸಿ ಹಿಂಡುತ್ತಿದ್ದಳು.
ಎಣ್ಣೆಯಲ್ಲಿ ಸಾಸಿವೆ.
ಸಿಂಕಿನ ಕೆಳಗೆ ಅವರ ಈರುಳ್ಳಿ ಬುಟ್ಟಿ,
ಸ್ವಿಚ್ಚಿನ ಸುತ್ತ ಅವರ ಅರಿಶಿನದ ಬೆರಳು,
ಬಾಗಿಲ ಚೌಕಟ್ಟಿನಲ್ಲಿ ಮಗನ ಎತ್ತರದ ಗೆರೆಗಳು,
ಮೊದಲನೆಯದು ನನ್ನ ಮಂಡಿಗೆ, ಈಚಿನದು ಎದೆಗೆ.

"ಬರ್ರಿ ಸಿಸ್ಟರಮ್ಮ, ಅಲ್ಲೇ ಯಾಕೆ ನಿಂತ್ರಿ, ನಿಮ್ಮದೇ ಮನೆ."
ಅಷ್ಟೂ ಅಲ್ಲ ಓಬಮ್ಮ, ಇಲ್ಲಿಯವರೆಗೆ ಮಾತ್ರ,
ಅಂತ ಬಾಯಿಗೆ ಬಂತು.
ತಟ್ಟೆ ಕೈಗಿಟ್ಟಳು. ಹಾಲಿನಲ್ಲಿ ಫ್ಯಾನೈತಿ, ಅಲ್ಲಿ ಕೂರ್ರಿ ಎಂದಳು.
ಇಲ್ಲೇ ಇರಲಿ ಎಂದು ನೆಲಕ್ಕೆ ಕೂತೆ.
ಎರಡು ತುತ್ತಾದ ಮೇಲೆ, ಒಲೆಯ ಕಡೆ ತಿರುಗಿಕೊಂಡೇ,
"ಈ ಸಲ ಬಾಡಿಗೆ ನಾಲ್ಕು ದಿನ ತಡ ಆಗ್ತತಿ" ಎಂದಳು.

ಹಸಿಮೆಣಸಿಗೆ ಕಣ್ಣು ತುಂಬಿತ್ತು. ಹೂಂ ಎಂದೆ.
ಕಾಲು ಚಾಚಿದೆ,
ಹೊಸಿಲಿನ ಈಚೆಗೇ.