ಬಾಂದುಕಲ್ಲಿಗೆ ನೀರು

ಕರಿಘಟ್ಟದ ಬುಡದಲ್ಲಿ ಬೈಕು ನಿಲ್ಲಿಸಿದಾಗ ಆರೂಕಾಲು.
ಹತ್ತಿ ಇಳಿಯಲು ಮುಕ್ಕಾಲು ಗಂಟೆ ಸಾಕು
ಎಂದಿದ್ದೆ ಹೇಮಾವತಿಗೆ.
ಸರ್ವೆಯವನು ನಾನು, ಅಳತೆಯಲ್ಲಿ ತಪ್ಪುವವನಲ್ಲ.

ಮೇದಿನಿಗೆ ಇಪ್ಪತ್ತೆರಡು ತಿಂಗಳು.
ತನ್ನನ್ನು ತಾನು ದಿನಿ ಅಂತಾಳೆ.
ಎತ್ತಿಕೊಂಡರೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ
"ದಿನಿ ನಡೀತಾಳೆ, ದಿನಿ ನಡೀತಾಳೆ."
ಸರಿ, ನಡಿ.

ಮೊದಲ ಮೆಟ್ಟಿಲು ಅವಳ ಮೊಣಕಾಲಿಗಿಂತ ಎತ್ತರ.
ಎರಡೂ ಕೈ ಊರಿ, ಹೊಟ್ಟೆ ಒತ್ತಿ,
ಒಂದು ಕಾಲು ಕಲ್ಲಿನ ಮೇಲೆ, ಒಂದು ಗಾಳಿಯಲ್ಲಿ,
ಹತ್ತಿ ನಿಂತು, ತನಗೆ ತಾನೇ ಚಪ್ಪಾಳೆ ತಟ್ಟಿ,
ತಿರುಗಿ ಕೆಳಗಿಳಿದಳು
ಇನ್ನೊಮ್ಮೆ ಹತ್ತಲು.

ನಾನು ಎಣಿಸುತ್ತಿದ್ದೆ. ಅಭ್ಯಾಸ.
ಹನ್ನೊಂದು, ಹನ್ನೆರಡು, ಮತ್ತೆ ಹನ್ನೊಂದು, ಹತ್ತು.
ಸತ್ತ ಜೀರುಂಡೆಯನ್ನು ಎಳೆದೊಯ್ಯುತ್ತಿದ್ದ ಇರುವೆಗಳ ಮುಂದೆ
"ಜೋಜೋ" ಎಂದು ಪಿಸುಗುಟ್ಟಿ
ನನ್ನ ಬಾಯಿಗೆ ಬೆರಳಿಟ್ಟಳು.
ಯಾರೋ ಚೆಲ್ಲಿದ ಪುರಿಯ ಒಂದೊಂದು ಕಾಳಿಗೂ
ಕೂತಳು, ಎದ್ದಳು.
ಮೂವತ್ತರಾಚೆ ಎಣಿಕೆ ಜಾರಿತು.
ಆಗಲೇ ತುದಿ ಮುಟ್ಟಿ ಇಳಿಯುತ್ತಿದ್ದ ಗಂಜಾಮಿನ ಹುಡುಗರು
"ಇನ್ನೂ ಇಲ್ಲೇ ಇದ್ದೀರಾ ಸಾರ್?" ಅಂದರು.

ನಮ್ಮ ಕಡತದಲ್ಲಿ ಇಂಥ ನೆಲಕ್ಕೆ ಖರಾಬು ಎಂದು ಹೆಸರು.
ಸಾಗುವಳಿಗೆ ಬಾರದ್ದು. ಇಷ್ಟು ಎಕರೆ, ಇಷ್ಟು ಗುಂಟೆ, ಮುಂದಿನ ಪುಟ.
ಒಂಬತ್ತು ವರ್ಷ ಆ ಪದ ಬರೆದಿದ್ದೇನೆ
ಒಮ್ಮೆಯೂ ಕುಕ್ಕರಗಾಲಲ್ಲಿ ಕೂತು ನೋಡದೆ
ದರ್ಭೆಯ ಬುಡದ ಇಬ್ಬನಿ,
ಕಲ್ಲಿನ ಸಂದಿನಿಂದ ಕತ್ತು ಆಡಿಸುವ ಓತಿ,
ಆಡಿನ ಹಿಕ್ಕೆ. ಅದಕ್ಕೆ ಅವಳಿಟ್ಟ ಹೆಸರು ಕಡ್ಲೆ.
ಬಾಯಿಗೆ ಹೋಗುವ ಮೊದಲು ಕೈ ಹಿಡಿದೆ.

ತಿರುವಿನಲ್ಲಿ ಜವರಪ್ಪ, ರಿಟೈರಾದ ಬಸ್ ಡ್ರೈವರು,
ಕ್ಯಾನು ಹೊತ್ತು ತಂದು
ಬೇಸಿಗೆಯ ಬೆಂಕಿಗೆ ಸಿಕ್ಕೂ ಉಳಿದ ಸಸಿಗಳಿಗೆ ನೀರು ಹುಯ್ಯುತ್ತಿದ್ದರು.
"ಕೂಸ್ನ ಕರ್ಕಂಡ್ ಬಂದಿದ್ದೀರಿ, ಬಿಸ್ಲು ಏರೋದ್ರೊಳ್ಗೆ ಇಳ್ದ್‌ಬುಡಿ"
ಎಂದು ಹೊಂಗೆಗೊಂದು ಚೊಂಬು.
ನೀರು ಗುಳುಗುಳು ಮಣ್ಣಿಗಿಳಿಯುವುದನ್ನು
ದಿನಿ ಉಸಿರು ಬಿಗಿಹಿಡಿದು ನೋಡಿದಳು.

ಆಮೇಲೆ ಚೀಲದಿಂದ ಬಾಟಲಿ ಕಿತ್ತುಕೊಂಡು
ಓಡಿ, ಎಡವಿ, ಎದ್ದು, ಮೊಣಕಾಲು ಒರೆಸಿಕೊಂಡು
ಹಾದಿ ಬದಿಯ ಬಾಂದುಕಲ್ಲಿನ ತಲೆಗೆ
ಪೂರ್ತಿ ಹುಯ್ದಳು.
"ಕುಡಿ" ಅಂದಳು. "ಕುಡಿ ಮಗ."
ಹೇಮಾವತಿ ಹಾಲು ಕುಡಿಸುವ ಅದೇ ಗದರಿಕೆ, ಅದೇ ರಾಗ.

ಸುಣ್ಣ ಮಾಸಿದ ಕಲ್ಲು
ನೀರು ಬಿದ್ದಲ್ಲಿ ಕಪ್ಪಾಯಿತು,
ನಾವು ನೋಡನೋಡುತ್ತ ಒಣಗಿತು.
"ಕುಡೀತು!"
ಜವರಪ್ಪ ನಗಲಿಲ್ಲ.
"ಹುಯ್ಲಿ ಬುಡಿ. ಯಾವ್ದು ಚಿಗುರ್ತದೆ ಅಂತ ನಂಗೂ ಗೊತ್ತಾಗಕಿಲ್ಲ."

ಇದ್ದದ್ದು ಅದೊಂದೇ ಬಾಟಲಿ.
ತುದಿಯ ಗುಡಿ ಕಾಣುತ್ತಿತ್ತು. ಕೆಳಗೆ
ಲೋಕಪಾವನಿ ಕಾವೇರಿಗೆ ಸೇರುವಲ್ಲಿ ಮಂಜು ಸರಿಯುತ್ತಿತ್ತು.
ಕಬ್ಬಿನ ಗದ್ದೆಗಳು ನನ್ನ ನಕ್ಷೆಯಂತೆಯೇ ಚೌಕಚೌಕ.
ಅವಳು ಅತ್ತ ತಿರುಗಲೂ ಇಲ್ಲ.
ಇಳಿಯುವಾಗ ಹೆಗಲ ಮೇಲೆ ನಿದ್ದೆ,
ಕಿವಿಯ ಹಿಂದೆ ಬಿಸಿ ಉಸಿರು, ಮುಷ್ಟಿಯಲ್ಲಿ ನನ್ನ ಕೂದಲು.
ಅರ್ಧ ಹತ್ತಲು ಎರಡು ಗಂಟೆ.
ಇಳಿಯಲು ಎಂಟು ನಿಮಿಷ.

ಸೋಮವಾರ ಒಂದು ಬದುವಿನ ಮೇಲೆ ಅಣ್ಣತಮ್ಮಂದಿರ ಜಗಳ.
"ಕಲ್ಲು ಜರುಗಿದೆ ಸಾರ್."
"ಕಲ್ಲು ತಾನಾಗಿ ಜರುಗುತ್ತಾ ಸಾರ್? ಅದಕ್ಕೇನು ಜೀವ ಇದೆಯಾ?"
ಟೇಪು ಬಿಚ್ಚುತ್ತ ಸುಮ್ಮನಿದ್ದೆ.
ಮಣ್ಣು ಮೆತ್ತಿ ಗುರುತು ಕಾಣುತ್ತಿರಲಿಲ್ಲ.
ಕುಡಿಯಲು ತಂದಿದ್ದ ನೀರನ್ನು
ಅದರ ತಲೆಗೆ ನಿಧಾನಕ್ಕೆ ಹುಯ್ದೆ.
ಗುರುತು ಕಾಣಲಿ ಎಂದು. ಅಷ್ಟಕ್ಕೇ.