ಹನ್ನೊಂದು ನಿಮಿಷ

ಎಕ್ಸ್‌ರೇಯಲ್ಲಿ ಅದು ಇಲ್ಲ.
ರಕ್ತದಲ್ಲೂ ಇಲ್ಲ. ಐದು ವರ್ಷ
ಒಂದು ರಿಪೋರ್ಟೂ ನನ್ನ ಪರ ಸಾಕ್ಷಿ ಹೇಳಲಿಲ್ಲ.
ರಜೆ ಚೀಟಿ ನೋಡಿ ಡಿಪೋದ ಗುಮಾಸ್ತ
ಕನ್ನಡಕದ ಮೇಲಿಂದ ಕೇಳಿದ:
ಏನಮ್ಮಾ, ಈ ಸಲ ಭುಜವೋ, ಸೊಂಟವೋ?

ಎರಡೂ, ಸ್ವಾಮಿ. ಜೊತೆಗೆ ಕಿವಿಯ ಹಿಂದೆ,
ಉಗುರಿನ ಬುಡದಲ್ಲಿ, ಬಳೆ ತಾಗುವ ಜಾಗದಲ್ಲಿ.
ಚಿಲ್ಲರೆ ಎಣಿಸುವಾಗ ಎರಡು ರೂಪಾಯಿಯ ಬಿಲ್ಲೆಯೂ ಭಾರ.
ರಾತ್ರಿಯಿಡೀ ಮಲಗಿ ಎದ್ದರೂ
ಯಾರದೋ ಮನೆ ಸಾಮಾನು ಸಾಗಿಸಿ ಬಂದಂಥ ಮೈ.

ಕೊನೆಗೊಂದು ಹೆಸರು ಸಿಕ್ಕಿತು: ಫೈಬ್ರೊಮಯಾಲ್ಜಿಯಾ.
ಬಸ್ಸಿನ ಬೋರ್ಡಿಗೆ ಹಿಡಿಸದಷ್ಟು ಉದ್ದ.
ಆ ದಿನ ಮನೆಗೆ ಬಂದು ಅತ್ತುಬಿಟ್ಟೆ. ಕಾಯಿಲೆಗಲ್ಲ,
ಹೆಸರಿಗೆ.

ನಂದಿನಿ ಲೇಔಟಿನ ಹಾಸಿಗೆ ಅಂಗಡಿಯ ಮೇಲೆ ಸಫೂರಾ ಮೇಡಂ.
ನನ್ನ ಮಗಳಿಗಿಂತ ಚಿಕ್ಕವಳು. ಮುಟ್ಟುವ ಮುಂಚೆ ಕೇಳುತ್ತಾಳೆ.
ಕೈಗಡಿಯಾರ ತೋರಿಸಿ ಅಂದಳು:
ದಿನಾ ಐದು ನಿಮಿಷ ನಡೀರಿ.
ಐದೇ? ನಿಂತೇ ಇಪ್ಪತ್ತು ವರ್ಷ ದುಡಿದವಳು ನಾನು!
ಐದೇ. ಚೆನ್ನಾಗಿದೀನಿ ಅನಿಸಿದ ದಿನ ಆರಾಗಬಾರದು,
ಸತ್ತೆ ಅನಿಸಿದ ದಿನ ಸೊನ್ನೆಯಾಗಬಾರದು.

ನಾನು ಕೇಳಲಿಲ್ಲ.
ಮೊದಲ ಭಾನುವಾರ ಬಿಸಿಲು ಹಿತವಾಗಿತ್ತು, ಮೈ ಹಗುರ.
ಅರ್ಧ ಗಂಟೆ ಪಾರ್ಕು ಸುತ್ತಿದೆ, ಬಟ್ಟೆ ಒಗೆದೆ, ಅಟ್ಟ ಗುಡಿಸಿದೆ.
ಸೋಮವಾರದಿಂದ ಗುರುವಾರದವರೆಗೆ
ಬಾಚಣಿಗೆ ಎತ್ತಲಾಗದೆ ಬಿದ್ದಿದ್ದೆ.
ಅವಳು ಬೈಯಲಿಲ್ಲ. ನಾಲ್ಕರಿಂದ ಶುರು ಮಾಡೋಣ, ಅಂದಳು.

ಈಗ ಪಾರ್ಕಿನ ಗೇಟಿಗೆ ಬೀಗ ಬೀಳುವ ಮುಂಚೆ ಹೋಗುತ್ತೇನೆ.
ನಾಲ್ಕು ನಿಮಿಷ ಅಂದರೆ ಪಂಪಿನ ಮನೆಯಿಂದ
ಮುರಿದ ಜಾರುಬಂಡೆವರೆಗೆ. ಐದು ಅಂದರೆ ಹೊಂಗೆ ಮರ.
ಬಿರುಸು ನಡಿಗೆಯ ಗಂಡಸರು ನನ್ನ ದಾಟಿ, ಮತ್ತೆ ದಾಟಿ,
ಮೂರನೆಯ ಸಲ, ಪಕ್ಕಕ್ಕೆ ಬನ್ನಿ, ಅನ್ನುತ್ತಾರೆ.
ಬರುತ್ತೇನೆ. ಮನೆಯಲ್ಲಿ ಗೋಡೆಗೆ ಅಂಗೈ ಒತ್ತಿ ಹತ್ತು ಸಲ,
ಕುರ್ಚಿಯಿಂದ ಎದ್ದು ಕೂತು ಆರು ಸಲ,
ಅರ್ಧ ಲೀಟರಿನ ನೀರಿನ ಬಾಟಲಿ ಎತ್ತಿ ಇಳಿಸಿ, ಎತ್ತಿ ಇಳಿಸಿ.
ಇದನ್ನೂ ವ್ಯಾಯಾಮ ಅಂತಾರಾ, ಎಂದು ನಕ್ಕಿದ್ದ ಗಂಡ
ಈಗ ಬಾಟಲಿ ತುಂಬಿಸಿಡುತ್ತಾನೆ.

ನೋವು ಇಳಿದು ಹೋಗಿಲ್ಲ. ಟಿಕೆಟ್ಟಿಲ್ಲದೆ ಹತ್ತಿದ್ದು
ನನ್ನ ಸೀಟಿನಲ್ಲೇ ಕೂತಿದೆ. ಸ್ವಲ್ಪ ಸರಿದಿದೆ, ಅಷ್ಟೆ.
ಅಂಚಿನಲ್ಲಿ ನನಗೂ ಜಾಗ.

ಏಳು ತಿಂಗಳಿಗೆ ಹನ್ನೊಂದು ನಿಮಿಷ.
ಹೇಳಿಕೊಳ್ಳುವಂಥ ಲೆಕ್ಕವಲ್ಲ. ಆದರೂ ಮೊನ್ನೆ
ಲಗ್ಗೆರೆ ಬ್ರಿಡ್ಜಿನ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ
ಡ್ರೈವರ್ ಓಬಳೇಶನಿಗೆ ಹೇಳಿದೆ.
ನಾಟಕ ಅಂತ ಡಿಪೋದಲ್ಲಿ ಮೊದಲು ಅಂದವನೇ ಅವನು.
ಏನೂ ಅನ್ನಲಿಲ್ಲ. ಕನ್ನಡಿಯಲ್ಲಿ ಒಮ್ಮೆ ನೋಡಿದ.
ಮುಂದೆ ಹಂಪು ಬಂದಾಗ ಗೇರು ಇಳಿಸಿ
ಮೊಟ್ಟೆ ಲಾರಿ ಹೊಡೆಯುವವನಂತೆ
ಬಸ್ಸು ದಾಟಿಸಿದ.
ಹಿಂದಿನ ಸೀಟಿನಿಂದ ಯಾರೋ ಕೂಗಿದರು,
ಬೇಗ ಬಿಡಪ್ಪಾ, ಲೇಟಾಯ್ತು.